ಅಳಿಯನ ಪಾಲು

ಲಟ್ಟಣಿಗೆಯ ಕೆಳಗೆ ಹಿಟ್ಟಿನ ಹಾಳೆ ಮತ್ತೆ ಹರಿಯಿತು. ಬಲ್ಜಾನ್‌ಳ ಎಡಗೈಯ ಎರಡು ಬೆರಳು ಮಡಚುತ್ತಲೇ ಇರಲಿಲ್ಲ. ಹಿಟ್ಟು ಲಟ್ಟಿಸುವ ಕೆಳಮಣೆಯ ಆಚೆ ಕುಳಿತಿದ್ದ ತಾಯಿ ಜಾನಿಲ್ ಲಟ್ಟಣಿಗೆ ತಾನೇ ತೆಗೆದುಕೊಂಡು, ಒಲೆಯ ಕಡೆ ನೋಡಿಕೋ ಎಂದಳು. ಕೊಪ್ಪರಿಗೆಯಲ್ಲಿ ಬೆಳಗಿನಿಂದ ಕುದುರೆ ಮಾಂಸ ಬೇಯುತ್ತಿತ್ತು. ಚಳಿಗಾಲಕ್ಕೆಂದು ಕುದುರೆ ಕಡಿದ ಮನೆಯವರು ನೆಂಟರನ್ನು ಕರೆದು ಉಣ್ಣಿಸದಿದ್ದರೆ ಆ ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಈ ಸಲದ ಊಟವನ್ನು ಅಪ್ಪ ಓರಾಜ್ ಹೊಸ ವರ್ಷದ ಮುನ್ನಾದಿನಕ್ಕೇ ಇಟ್ಟುಕೊಂಡಿದ್ದ. ಹೊರಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಫರ್ ಮರ ಮಿಣುಕುತ್ತಿತ್ತು. ಕಿತ್ತಳೆ, ಷಾಂಪೇನು, ವೋಡ್ಕಾ ಎಲ್ಲ ಮೇಜಿಗೆ ಬಂದಿದ್ದವು.

ಬಲ್ಜಾನ್‌ಳ ಗಂಡ ದೌರೆನ್ ಕೂಡ ಬಂದಿದ್ದ. ಮೊದಲ ಹಿಮ ಬೀಳುವ ಹೊತ್ತಿಗೆ ಅವನು ಕಾರಿನ ಬಾಗಿಲಿಗೆ ಅವಳ ಕೈ ಸಿಕ್ಕಿಸಿ ಮುಚ್ಚಿದ್ದ. ಅವಳು ಅದೇ ಕೈಯಲ್ಲಿ ಚೀಲ ಹಿಡಿದು ತವರಿಗೆ ಬಂದಳು. ಗಾಳಿಗೆ ಬಾಗಿಲು ಬಡಿಯಿತು ಎಂದು ದೌರೆನ್ ಹೇಳಿಕೊಂಡ. ಆ ದಿನ ಗಾಳಿ ಜೋರಾಗಿಯೇ ಇತ್ತು ಎಂದು ಓರಾಜ್ ಒಪ್ಪಿಕೊಂಡ. ಈಗ ಅಳಿಯನನ್ನು ಊಟಕ್ಕೆ ಕರೆದವನೂ ಅವನೇ. ಇನ್ನು ಯಾರೂ ಬಾಯಿಬಿಟ್ಟು ಹೇಳಬೇಕಾದ್ದೇನೂ ಇರಲಿಲ್ಲ. ಎದೆಯ ತುಂಡು ಅಳಿಯನ ಪಾಲು. ಅದು ಅವನ ಮುಂದೆ ಬರಬೇಕು, ಅವನು ತಿನ್ನಬೇಕು, ಹಿರಿಯರು ಕೈಯೆತ್ತಿ ಹರಸಬೇಕು. ಅಲ್ಲಿಗೆ ಜಗಳ ಮುಗಿಯಿತು. ಹೆಂಡತಿ ಅದೇ ಕಾರಿನಲ್ಲಿ ಹೊರಡಬೇಕು.

"ಅಮ್ಮಾ, ಈ ಸಲ ಹೋದ್ರೆ ನಾನು ನಡ್ಕೊಂಡ್ ವಾಪಸ್ ಬರಲ್ಲ. ಹೊತ್ಕೊಂಡ್ ಬರ್ತಾರೆ, ಅಷ್ಟೆ," ಎಂದಳು ಬಲ್ಜಾನ್.

"ಹಬ್ಬದ ದಿನ ಅಂಥ ಮಾತಾಡ್ಬೇಡ. ನಿಮ್ಮಪ್ಪನೂ ವಯಸ್ಸಲ್ಲಿ ಹಾಗೇ ಇದ್ರು. ನಾನು ಬದುಕ್ಲಿಲ್ವಾ?"

ಹೊರಕೋಣೆಯಲ್ಲಿ ಓರಾಜ್‌ನ ದೊಡ್ಡಪ್ಪ ಸೆಯಿತ್ ಅಜ್ಜ ಅಳಿಯನ ಕಾಲೆಳೆಯುತ್ತಿದ್ದ. "ಏನಯ್ಯಾ, ಬಂದಾಗಿಂದ ಅಡಿಗೆಮನೆ ಕಡೇನೇ ಕಣ್ಣು. ಮಾಂಸಕ್ಕೆ ಕಾಯ್ತಿದ್ದೀಯೋ, ಹೆಂಡ್ತಿಗೋ?"

"ಎರಡೂ ಚೆನ್ನಾಗಿ ಬೇಯ್ಲಿ ಅಂತ ಕಾಯ್ತಿದ್ದೀನಿ, ಅಜ್ಜ."

ಎಲ್ಲರೂ ನಕ್ಕರು. ಓರಾಜ್‌ನ ನಗು ಎಲ್ಲರಿಗಿಂತ ಜೋರಾಗಿ ಕೇಳಿಸಿತು.

ಜಾನಿಲ್ ಈರುಳ್ಳಿ ತರಲು ಉಗ್ರಾಣಕ್ಕೆ ಹೋದಳು. ಬಲ್ಜಾನ್ ಕೊಪ್ಪರಿಗೆಯ ಮುಚ್ಚಳ ಸರಿಸಿ, ಜಾಲರಿ ಸೌಟಿನಲ್ಲಿ ಎದೆಯ ತುಂಡನ್ನು ಎತ್ತಿದಳು. ಹಿತ್ತಿಲ ಬಾಗಿಲು ತೆರೆದು ಹಿಮದೊಳಕ್ಕೆ ಎಸೆದುಬಿಟ್ಟಳು. ನಾಯಿಯ ಸರಪಳಿ ಗಲಗಲ ಎಂದಿತು. ಬಾಗಿಲು ಹಾಕಿದಳು. ಹಬ್ಬದ ಮಾಂಸವನ್ನು ನಾಯಿಗೆ ಹಾಕಿದ ಹೆಂಗಸು ಆ ಊರಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಜಾನಿಲ್ ಬಂದು ಕೊಪ್ಪರಿಗೆಯನ್ನು ತಳದವರೆಗೂ ಕೆದಕಿದಳು. ಹೊಸ್ತಿಲ ಮೇಲೆ ಬಿದ್ದಿದ್ದ ಹಿಮ ನೋಡಿದಳು. ಬಾಗಿಲು ತೆರೆದು ಹೊರಗೆ ನೋಡಿ, ಸದ್ದಾಗದಂತೆ ಮುಚ್ಚಿದಳು. ಏಟು ಬೀಳುತ್ತದೆಂದು ಬಲ್ಜಾನ್ ಕೈ ಅಡ್ಡ ಹಿಡಿದಳು. ಉಳಿದ ಬೆರಳುಗಳು ಮಡಚಿಕೊಂಡರೂ ಆ ಎರಡು ಬೆರಳು ಮಾತ್ರ ನೆಟ್ಟಗೆ ನಿಂತಿದ್ದವು. ಜಾನಿಲ್ ಅವನ್ನೇ ನೋಡುತ್ತ ನಿಂತಳು. ಆ ಬೆರಳುಗಳನ್ನು ಅವಳು ದಿನವೂ ನೋಡುತ್ತಿದ್ದಳು, ನೋಡಿಯೂ ಸುಮ್ಮನಿದ್ದಳು. ಆಮೇಲೆ ಮೂಗು ಒರೆಸಿಕೊಂಡು ದೊಡ್ಡ ಹರಿವಾಣದಲ್ಲಿ ಮಾಂಸ ಜೋಡಿಸಲು ಕುಳಿತಳು.

ಹರಿವಾಣ ಹೊತ್ತು ಜಾನಿಲ್ ಹೊರಕೋಣೆಗೆ ಹೋದಳು. ಹಿರಿಯರ ಪಾಲಾದ ಸೊಂಟದ ಮೂಳೆ ಸೆಯಿತ್ ಅಜ್ಜನ ಮುಂದೆ ಬಂತು. ಓರಾಜ್ ಮಾಂಸದ ರಾಶಿಯನ್ನು ಕಣ್ಣಲ್ಲೇ ಹುಡುಕಿದ.

"ಅಳಿಯಂದ್ರ ಪಾಲೆಲ್ಲಿ?"

"ಇಲ್ಲ. ಈ ಸಲದ ಕುದುರೆಗೆ ಎದೆ ಇರ್ಲಿಲ್ಲ," ಎಂದಳು ಜಾನಿಲ್.

ಓರಾಜ್‌ನ ಕತ್ತು ಕೆಂಪೇರಿತು. "ಕಡಿದವನು ನಾನು ಕಣೇ."

"ಹಾಗಾದ್ರೆ ನೀವೇ ಹುಡುಕ್ಕೊಳಿ."

ದೌರೆನ್ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಸೆಯಿತ್ ಅಜ್ಜನ ಕೈಗಳು ಹರಸಲು ಮೇಲೇಳಲಿಲ್ಲ. ಅವನು ಚಾಕುವನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ದೌರೆನ್ ಎದ್ದು ಹೋಗಿ ಬೂಟು ಮೆಟ್ಟಿಕೊಂಡ. ಸ್ವಲ್ಪ ಹೊತ್ತಿಗೆ ಅಂಗಳದಿಂದ ಕಾರಿನ ಹಾರ್ನ್ ಕೂಗತೊಡಗಿತು.

ಓರಾಜ್ ಮಗಳ ಕೋಟು ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದ. "ಏಳು, ಗಂಡ ಕರೀತಿದ್ದಾನೆ. ನೆಂಟರ ಮುಂದೆ ನನ್ನ ಮಾನ ಕಳೀಬೇಡ." ಬಲ್ಜಾನ್ ಗೋಡೆಗೆ ಒರಗಿಕೊಂಡಳು.

ಹಿಂದೆಯೇ ಬಂದ ಜಾನಿಲ್ ಗಂಡನ ಕೈಯಿಂದ ಕೋಟು ತೆಗೆದುಕೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಕಿ, ಅದರ ಮೇಲೆ ಕುಳಿತು, ಕೆಳಮಣೆಯನ್ನು ಹತ್ತಿರ ಎಳೆದುಕೊಂಡಳು. ಹೊರಗೆ ಹಾರ್ನ್ ನಿಂತಿರಲಿಲ್ಲ. ಅವಳು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಲಟ್ಟಿಸತೊಡಗಿದಳು.