ಮಹಾರಾಣಿಯ ದಿಂಬು

ಎರಡು ಟ್ಯೂಬ್ ಮುಲಾಮು, ಒಂದು ಡಬ್ಬಿ ಪುಡಿ, ನಾಲ್ಕು ದಿನದ ಕೂಲಿ, ಒಂದು ದಿಂಬಿಗಾಗುವಷ್ಟು ಬಟ್ಟೆ. ನಾಲ್ಕು ಗುಳ್ಳೆಗಳನ್ನು ಗುಟ್ಟಾಗಿಡಲು ಆಕೆಗೆ ತಗುಲಿದ ಖರ್ಚು ಇಷ್ಟು.

ಆಕೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕೆಲಸದವಳು. ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು. ಮೂರು ತಿಂಗಳ ಹಿಂದೆ ಅವನು ಬಂದುಹೋದ ಮೇಲೆ ಆಕೆಯ ಗುಪ್ತಾಂಗದ ಬಳಿ ನೀರುಗುಳ್ಳೆ ಎದ್ದು, ಒಡೆದು, ಉರಿದು, ತಾನೇ ಮಾಗಿತ್ತು. ಕಳೆದ ತಿಂಗಳು ಜ್ವರ ಬಂದಾಗ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಆಮೇಲೆ ಗಂಡ ಮನೆಗೆ ಬಂದೇ ಇಲ್ಲ, ಹಾಗಾದರೆ ಇದು ಎಲ್ಲಿಂದ ಬಂತು? ಹೇಳಿದರೆ ಯಾರು ತಾನೇ ನಂಬುತ್ತಾರೆ?

ಕಾರ್ಖಾನೆಯಲ್ಲಿ ಯಾರು ಬೇಕಾದರೂ ಯಾವ ಸ್ಟೂಲಿನ ಮೇಲೂ ಕೂರುತ್ತಿದ್ದರು. ಅದರಿಂದಲೇ ಅಂಟಿದೆ ಎಂದುಕೊಂಡಳು. ತನ್ನಿಂದ ಇನ್ನೊಬ್ಬರಿಗೆ ಅಂಟದಿರಲೆಂದು ಸ್ಟೂಲಿನ ಮೇಲೆ ಹಾಕಿ ಕೂರಲು ತನಗೇ ಒಂದು ದಿಂಬು ಹೊಲಿದುಕೊಂಡಳು.

"ಬಂತಪ್ಪಾ ಮಹಾರಾಣಿ ಸಿಂಹಾಸನ!" ಎಂದು ಗುಂಡಿ ಹಚ್ಚುವ ಗೆಳತಿ ರೇಗಿಸಿದಳು. "ನಾವು ಕೂತ್ರೆ ಸವೆದುಹೋಗುತ್ತೇನೇ?"

ಆಕೆ ನಕ್ಕಳು. ಮನೆಯಲ್ಲಿ ಆರು ವರ್ಷದ ಮಗಳ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿದಳು.

"ನಾನೇನ್ ತಪ್ಪು ಮಾಡ್ದೆ ಅಮ್ಮಾ?"

ಆಕೆ ಮಗಳ ಹೊದಿಕೆ ಸರಿಮಾಡಿ ಆಚೆ ಬಂದಳು. ಗಂಡ ಫೋನಿನಲ್ಲಿ, "ತಿಂಗಳ ಕೊನೇಲಿ ಬರ್ತೀನಿ ಕಣೇ" ಎಂದ.

"ಬರಬೇಡಿ."

"ಯಾಕೆ?"

"ಸುಮ್ನೆ."

ಮೂರನೇ ಸಲ ಗುಳ್ಳೆ ಎದ್ದ ಮರುದಿನ, ತಿಂಗಳಿಗೊಮ್ಮೆ ಬಿಪಿ ನೋಡಲು ಬರುವ ನರ್ಸಕ್ಕ ಕಾರ್ಖಾನೆಗೆ ಬಂದು ದಿಂಬಿನ ಸ್ಟೂಲನ್ನೇ ಎಳೆದುಕೊಂಡಳು.

"ಅದರ ಮೇಲೆ ಕೂರಬೇಡಿ!"

ಅಷ್ಟೂ ಯಂತ್ರಗಳು ನಿಂತವು. ನರ್ಸಕ್ಕ ಏನೂ ಆಗದವಳಂತೆ, "ಬಾ, ಮೊದಲು ನಿನ್ನ ಬಿಪಿ ನೋಡೋಣ" ಎಂದು ಬಟ್ಟೆ ಥಾನುಗಳ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅಲ್ಲಿ ಎಲ್ಲವೂ ಹೊರಬಂತು.

"ಗುಳ್ಳೆ ಏಳೋ ಮುಂಚೆ ಅಲ್ಲಿ ಚುಮುಚುಮು ಅನ್ನುತ್ತಾ?"

"ಹೂಂ, ಹಿಂದಿನ ದಿನಾನೇ."

"ಹರ್ಪಿಸ್ ಇರಬಹುದು. ಒಂದ್ಸಲ ಮೈ ಸೇರಿದ್ರೆ ನರದಲ್ಲಿ ಮಲಗಿರುತ್ತೆ. ಜ್ವರ, ಆಯಾಸ ಬಂದಾಗ ಏಳುತ್ತೆ. ಪ್ರತಿ ಸಲ ಹೊಸದಾಗಿ ಅಂಟಬೇಕಂತಿಲ್ಲ. ಆದ್ರೆ ಬೇರೆ ರೋಗಗಳೂ ಹೀಗೇ ಕಾಣುತ್ತವೆ. ಅದಕ್ಕೇ ಗುಳ್ಳೆ ಹಸಿ ಇದ್ದಾಗ್ಲೇ ಪರೀಕ್ಷೆ ಆಗ್ಬೇಕು. ಇವತ್ತೇ ನಡಿ."

"ಮತ್ತೆ ಸ್ಟೂಲು?"

"ಅಯ್ಯೋ ಹುಚ್ಚಿ! ಸ್ಟೂಲಿಂದ ಬರಲ್ಲ. ದೈಹಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಬರುತ್ತೆ, ಗುಳ್ಳೆ ಕಾಣದಿದ್ರೂ ಬರಬಹುದು. ಮಗಳು ಪಕ್ಕ ಮಲಗಿದ್ರೆ ಏನೂ ಆಗಲ್ಲ. ಗುಳ್ಳೆ ಮುಟ್ಟಿದ್ರೆ ಕೈ ತೊಳ್ಕೋ, ಸಾಕು."

ಆಕೆ ಪಕ್ಕದ ಥಾನಿನ ಅಂಚು ಹಿಂಡುತ್ತ ಕೇಳಿದಳು, "ಹಾಗಾದ್ರೆ ಅವರೇ ತಂದ್ರಾ?"

"ಅದನ್ನ ಯಾವ ಪರೀಕ್ಷೇನೂ ಹೇಳಲ್ಲ. ವರ್ಷಗಟ್ಟಲೆ ಸುಳಿವೇ ಕೊಡದೆ ಇರಬಹುದು. ಅವನಲ್ಲಾದ್ರೂ ಸರಿ, ನಿನ್ನಲ್ಲಾದ್ರೂ ಸರಿ. ಅವನನ್ನ ಕೇಳು, ಜಗಳ ಆಡಬೇಡ."

ಪರೀಕ್ಷೆಯಲ್ಲಿ ಹರ್ಪಿಸ್ ಎಂದೇ ಬಂತು. ವೈದ್ಯರು ಮಾತ್ರೆ ಕೊಟ್ಟರು. ಬೇರೆ ಸೋಂಕುಗಳಿಗೂ ರಕ್ತ ನೋಡಿದರು. ಅಂದು ಸಂಜೆ ಆಕೆ ತಾನಾಗಿಯೇ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿದ.

"ಮದುವೆಗೆ ಮುಂಚೆ ನಂಗೂ ಒಂದ್ಸಲ ಎದ್ದಿತ್ತು ಕಣೇ. ಸೀಟಿನ ಬಿಸಿಗೆ ಉಷ್ಣ ಆಗಿದೆ ಅಂದ್ಕೊಂಡೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಲಿ?"

ಅದೇ ಪ್ರಶ್ನೆಯನ್ನು ಆಕೆಯೂ ಮೂರು ತಿಂಗಳು ಕೇಳಿಕೊಂಡಿದ್ದಳು. "ಬನ್ನಿ," ಎಂದಳು. "ಇಬ್ಬರೂ ಡಾಕ್ಟರ ಹತ್ರ ಹೋಗೋಣ."

ಅಕ್ಕಾ, ಅಣ್ಣಾ, ನಿಮಗೂ ಹೀಗಾಗಿದ್ದರೆ ಮಾಗಲೆಂದು ಕಾಯಬೇಡಿ. ಗುಳ್ಳೆ ಎದ್ದ ಒಂದೆರಡು ದಿನದಲ್ಲೇ ಆಸ್ಪತ್ರೆಗೆ ಹೋಗಿ. ಚುಮುಚುಮು ಶುರುವಾದಾಗಿನಿಂದ ಪೂರ್ತಿ ಮಾಗುವ ತನಕ ದೈಹಿಕ ಸಂಪರ್ಕ ಬೇಡ, ಉಳಿದಂತೆ ಕಾಂಡೋಮ್ ಬಳಸಿ. ಅದು ಅಪಾಯ ಕಡಿಮೆ ಮಾಡುತ್ತದೆ. ಗರ್ಭಿಣಿಯಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಆಕೆಯ ಹರ್ಪಿಸ್ ಪೂರ್ತಿ ಹೋಗಿಲ್ಲ. ಅದು ಹೋಗುವುದೂ ಇಲ್ಲ. ಮೂರು ತಿಂಗಳು ಒಬ್ಬಳೇ ಹೆದರಿದ್ದು ವ್ಯರ್ಥವಾಯಿತು. ಮಗಳು ಮತ್ತೆ ಅಮ್ಮನ ಪಕ್ಕ ಮಲಗುತ್ತಾಳೆ. ದಿಂಬಿನ ಮೇಲೆ ಈಗ ಗುಂಡಿ ಹಚ್ಚುವವಳು ಕೂರುತ್ತಾಳೆ.