ಅಪ್ಪನ ಹೆಡ್‌ಸೆಟ್ಟು, ಕೇಬಲ್‌ನ ಹೆಡ್‌ಸೆಟ್ಟು

ಗುಬ್ಬಿಯ ಅಪ್ಪನಿಗೆ ಸುಲಭಕ್ಕೆ ಸಿಟ್ಟು ಬರುತ್ತಿರಲಿಲ್ಲ. ಬಾಡಿಗೆಯವರು ಸತಾಯಿಸಲಿ, ಆಟಕ್ಕೆ ಬಂದ ಹುಡುಗರು ಸೋಫಾ ಹರಿಯಲಿ, "ಹೋಗ್ಲಿ ಬಿಡು" ಅಂದು ಸುಮ್ಮನಾಗುತ್ತಿದ್ದ. ಆದರೆ ಯಾರಾದರೂ ಅವನ ಎದುರು ನಿಂತು, "ಕನ್ಸೋಲ್ ಅನ್ನೋದು ಮಕ್ಕಳ ಆಟಿಕೆ, ನಿಜವಾದ ಗೇಮ್ ಆಡ್ಬೇಕಂದ್ರೆ ಪಿಸಿನೇ ಬೇಕು" ಅಂದರೆ ಮುಗಿಯಿತು. ಮೂಗಿನ ತುದಿ ಕೆಂಪಗಾಗುತ್ತಿತ್ತು. ಅಂದವನು ಅಪ್ಪನ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವ ಹಾಗಿರಲಿಲ್ಲ.

ಮೆಟ್ಟಿಲು ಹತ್ತಿ ಬಂದರೆ ಅವನ ಗೇಮ್ ಪಾರ್ಲರು. ಗೋಡೆಗೆ ಸಾಲಾಗಿ ಟಿವಿಗಳು, ಒಂದೊಂದರ ಕೆಳಗೂ ಟಿವಿಗೇ ಜೋಡಿಸಿ ಆಡುವ ಡಬ್ಬದಂಥ ಒಂದೊಂದು ಕನ್ಸೋಲು, ಎದುರಿಗೆ ಟೇಪು ಹಚ್ಚಿದ ಸೋಫಾಗಳು. ಕಂಪ್ಯೂಟರ್ ಅನ್ನುವ ವಸ್ತು ಒಳಗೆ ಕಾಲಿಟ್ಟದ್ದೇ ಇಲ್ಲ. ಲೆಕ್ಕವನ್ನೂ ಅಪ್ಪ ಬಾಯಲ್ಲೇ ಮಾಡುತ್ತಿದ್ದ.

ಇಂಥ ಅಪ್ಪನ ಒಬ್ಬಳೇ ಮಗಳು ಹೋಗಿ ಹೋಗಿ ಮನಸ್ಸು ಕೊಟ್ಟದ್ದು ಯಾರಿಗೆ? ಎದುರು ಬದಿಯಲ್ಲಿ ಪಿಸಿ ಜೋಡಿಸಿಕೊಡುವವನಿಗೆ. ಹೆಗಲ ಮೇಲೆ ಸದಾ ಒಂದು ಸುತ್ತು ವೈರು ಹಾಕಿಕೊಂಡೇ ಓಡಾಡುವ ಅವನನ್ನು ರಸ್ತೆಯವರೆಲ್ಲ ಕೇಬಲ್ ಅನ್ನುತ್ತಿದ್ದರು. ಅವನನ್ನು ಹೆತ್ತ ತಾಯಿಯೂ ಹಾಗೇ ಕರೆಯುತ್ತಿದ್ದಳು. ಒಳ್ಳೆಯವನು, ಕೆಲಸಗಾರ, ಮೈತುಂಬ ತಮಾಷೆ. ಒಂದೇ ದೋಷವೆಂದರೆ ಸುಳ್ಳು ಹೇಳಲು ಬಾರದು, ಮತ್ತು ಕನ್ಸೋಲ್ ಕಂಡರೆ ಆಗದು.

ಅವಕಾಶ ತಾನಾಗಿ ಬಂತು. ಹಳೆಯ ಸಾಮಾನು ತುಂಬಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿ ವಿ.ಆರ್. ಕೋಣೆ ಮಾಡಬೇಕೆಂದು ಅಪ್ಪನ ತಲೆಗೆ ಹೊಕ್ಕಿತು. ಕಣ್ಣಿಗೆ ದಪ್ಪ ಹೆಡ್‌ಸೆಟ್ ಕಟ್ಟಿಕೊಂಡರೆ ಆಟದ ಒಳಗೇ ಹೋಗಿ ನಿಂತ ಹಾಗಾಗುವ ಆ ಹೊಸ ಮೋಜಿಗೆ ಬೇರೆ ಕಡೆಗಳಲ್ಲಿ ಗಿರಾಕಿಗಳು ಮುಗಿಬೀಳುತ್ತಿದ್ದರು. ಕನ್ಸೋಲಿನ ಹೆಡ್‌ಸೆಟ್ ಒಂದನ್ನು ಅಪ್ಪ ಆಗಲೇ ತಂದು, ದಿನಾ ಬೆಳಿಗ್ಗೆ ತಾನೇ ಆಡಿ ಕುಣಿಯುತ್ತಿದ್ದ.

"ಪಿಸಿದೂ ಒಂದ್ಸಲ ನೋಡಿಬಿಡೋಣಪ್ಪ, ಎರಡನ್ನೂ ಪಕ್ಕಪಕ್ಕ ಇಟ್ಟು," ಎಂದಳು ಗುಬ್ಬಿ, ಗಾಜು ಒರೆಸುತ್ತ, ಬಲು ಅಮಾಯಕಳಂತೆ. "ನಂಗೊತ್ತಿರೋರು ಒಬ್ರಿದ್ದಾರೆ. ತಂದು ತೋರಿಸ್ತಾರಂತೆ."

"ತರ್ಲಿ ತರ್ಲಿ. ಸೋತು ಹೋಗೋದನ್ನ ನಾನೂ ನೋಡ್ಬೇಕು."

ಅವಳ ಲೆಕ್ಕಾಚಾರ ಇಷ್ಟೇ: ಅಪ್ಪನೂ ಕೇಬಲ್ಲೂ ಒಂದು ಬೆಳಿಗ್ಗೆ ಒಟ್ಟಿಗೆ ಆಡಲಿ, ಅಪ್ಪನಿಗೆ ಹುಡುಗ ಹಿಡಿಸಲಿ, ಆಗ ವಿಷಯ ಹೇಳಿಬಿಡುವುದು. ಹಿಡಿಸದಿದ್ದರೆ? ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪನಿಗೆ ಇದ್ದವಳು ಅವಳೊಬ್ಬಳೇ. ಅವನನ್ನು ಎದುರು ಹಾಕಿಕೊಂಡು ಮದುವೆಯಾಗುವುದು ಅವಳಿಂದಾಗದ ಮಾತು. ಕೇಬಲ್‌ನನ್ನು ಬಿಡುವುದಂತೂ ಮೊದಲೇ ಆಗದು.

"ಕೈ ಮುಗಿತೀನಿ, ಒಂದೇ ಒಂದು ಸುಳ್ಳು ಹೇಳು," ಎಂದು ಅವನನ್ನು ಗೋಗರೆದಿದ್ದಳು. "ಕೊನೇಲಿ 'ಸರ್, ನಿಮ್ದೇ ಚೆನ್ನಾಗಿದೆ' ಅನ್ನು. ಸಾಕು."

"ಆ ಡಬ್ಬಾನಾ?" ಎಂದವನು ಅವಳ ಮುಖ ನೋಡಿ, "ಆಯ್ತಪ್ಪ, ಅಂತೀನಿ" ಎಂದು ಒಪ್ಪಿದ್ದ.

ಆ ದಿನ ಅಂಗಡಿ ತೆರೆಯುವ ಮೊದಲೇ ಕೇಬಲ್ ಹಾಜರಾದ. ಒಂದು ಕೈಯಲ್ಲಿ ಕಂಪ್ಯೂಟರ್, ಇನ್ನೊಂದರಲ್ಲಿ ಹೆಡ್‌ಸೆಟ್ ಪೆಟ್ಟಿಗೆ, ಹೆಗಲ ಮೇಲೆ ಎಂದಿನ ವೈರು. ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಅಪ್ಪನ ಅಕ್ಕ ಕೂತಿದ್ದಳು. ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತಳಾದ ಈ ಅತ್ತೆಗೆ ಅಪ್ಪ ಒಂದು ಕೆಲಸ ಒಪ್ಪಿಸಿದ್ದ. ಹೆಡ್‌ಸೆಟ್ ಹಾಕಿಕೊಂಡವನಿಗೆ ಸುತ್ತಲಿನದು ಕಾಣುವುದಿಲ್ಲವಲ್ಲ, ಅವನು ಗೋಡೆಗೆ ಗುದ್ದದಂತೆ ಕೂಗಿ ಹೇಳಬೇಕು. ಬಸ್ಸನ್ನು ಹಿಂದಕ್ಕೆ ಬಿಡಿಸಿ ಬಿಡಿಸಿ ಪಳಗಿದ ಗಂಟಲು ಅದು. ಅತ್ತೆ 'ಹೋಲ್ಡಾನ್' ಅಂದರೆ ಪಕ್ಕದ ರಸ್ತೆಯವರೂ ನಿಲ್ಲುತ್ತಿದ್ದರು.

ಮೊದಲು ಪಿಸಿಯ ಸರದಿ. ಆಡುವವನು ಎಲ್ಲಿದ್ದಾನೆಂದು ಗುರುತಿಸಲು ಕೇಬಲ್ ಕೋಣೆಯ ಎರಡು ಮೂಲೆಗಳಿಗೆ ಎರಡು ಪುಟ್ಟ ಪೆಟ್ಟಿಗೆ ಅಂಟಿಸಿದ. ವೈರು ಚುಚ್ಚಿದ. ಕಿತ್ತ. ಬೇರೆ ಕಡೆ ಚುಚ್ಚಿದ. ಸ್ಕ್ರೀನಿನ ಮೇಲೆ ಅಪ್‌ಡೇಟ್ ಶುರುವಾಯಿತು.

"ಇನ್ನೊಂದೇ ನಿಮಿಷ ಸರ್."

"ನಿಧಾನಕ್ಕೆ ಮಾಡಪ್ಪ," ಅಪ್ಪ ಕಾಫಿ ಹೀರುತ್ತ ಅಂದ. ಅವನ ಮುಖದಲ್ಲಿ ಆನಂದ ಉಕ್ಕುತ್ತಿತ್ತು. "ನಮ್ದಕ್ಕೆ ಒಂದು ವೈರು ಚುಚ್ಚಿದ್ರಾಯ್ತು, ಅಷ್ಟೇ. ಬಡವರ ಡಬ್ಬ ನೋಡು."

ಕೇಬಲ್ ತುಟಿ ಕಚ್ಚಿಕೊಂಡ. ಗುಬ್ಬಿ ಕಣ್ಣಲ್ಲೇ ಶಹಭಾಸ್ ಅಂದಳು.

ಅಂತೂ ಶುರುವಾಯಿತು. ಹೆಡ್‌ಸೆಟ್ ಹಾಕಿಕೊಂಡ ಅಪ್ಪ ಒಂದು ಪರ್ವತದ ಅಂಚಿನಲ್ಲಿ ನಿಂತಿದ್ದ. ಕೆಳಗೆ ನೋಡಿದವನೇ, "ಅಯ್ಯಯ್ಯಯ್ಯೋ!" ಎಂದು ಚೀರಿ, ನೆಲಕ್ಕೆ ಕೂತು, ಅಂಬೆಗಾಲಿಕ್ಕತೊಡಗಿದ.

"ಬರ್ಲಿ, ಬರ್ಲಿ, ಎಡಕ್ಕೆ ಬರ್ಲಿ... ಹೋಲ್ಡಾನ್!" ಎಂದಳು ಅತ್ತೆ. ಅಪ್ಪನ ತಲೆ ಗೋಡೆಗೆ ಇನ್ನೇನು ತಾಗಬೇಕು, ನಿಂತಿತು.

"ಕಲ್ಲಿನ ಮೇಲಿನ ಪಾಚಿನೂ ಕಾಣತ್ತಲ್ಲೋ! ಎಳೆ ಎಳೆ ಬಿಡಿಸಿ ಇಟ್ಟಿದ್ದಾರೆ!" ಎಂಬ ಮಾತು ಅಪ್ಪನ ಬಾಯಿ ಜಾರಿತು. ತಕ್ಷಣ ಎಚ್ಚೆತ್ತು, "ಆದ್ರೂ ಕುತ್ತಿಗೆಗೆ ಭಾರ" ಎಂದು ಸೇರಿಸಿದ.

ಕಾಣದವನ ಎದುರು ಕೇಬಲ್‌ಗೆ ಧೈರ್ಯ ಬಂತು. ತಾನೂ ಅಪ್ಪನ ಪಕ್ಕ ಅಂಬೆಗಾಲಿಕ್ಕಿ, ಅದೇ ತರಹ ಬಾಯಿ ತೆರೆದು, ಸದ್ದಿಲ್ಲದೆ 'ಅಯ್ಯಯ್ಯೋ' ಅಂದ. ಗುಬ್ಬಿ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ಅತ್ತೆಯ ಹೊಟ್ಟೆ ಸದ್ದಿಲ್ಲದೆ ಕುಲುಕಿತು. ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಅವನು ಪರ್ವತ ಇಳಿಯುವುದರಲ್ಲಿ ಮಗ್ನನಾಗಿದ್ದ.

"ಪರ್ವಾಗಿಲ್ಲ," ಎಂದ ಹೆಡ್‌ಸೆಟ್ ತೆಗೆದು, ಬೆವರು ಒರೆಸಿಕೊಂಡು. "ಗೇಮ್‌ಗಳೂ ಜಾಸ್ತಿ ಇರ್ಬೇಕು, ಅಲ್ವಾ?"

"ಲೆಕ್ಕಾನೇ ಇಲ್ಲ ಸರ್."

"ಕಂಪ್ಯೂಟರ್ ಸೇರಿ ರೇಟಿಗೂ ಲೆಕ್ಕ ಇರಲ್ಲ ಬಿಡು. ಈಗ ನಂದು ನೋಡು."

ಒಂದೇ ವೈರು, ಒಂದೇ ಚುಚ್ಚು. ಕನ್ಸೋಲ್ 'ಟಿಂಗ್' ಅಂದಿತು, ಅಪ್ಪ ಬಾಕ್ಸಿಂಗ್ ಕಣದಲ್ಲಿದ್ದ. ಅವನ ಆಟವೆಲ್ಲ ಟಿವಿಯಲ್ಲಿ ಉಳಿದವರಿಗೂ ಕಾಣುತ್ತಿತ್ತು. ಗುಬ್ಬಿ ಎಂದಿನಂತೆ ವೈರು ಅಪ್ಪನ ಕಾಲಿಗೆ ಸುತ್ತದಂತೆ ಎತ್ತಿ ಹಿಡಿದು ಅವನ ಪಕ್ಕ ನಿಂತಳು.

"ನೋಡಪ್ಪ, ಏಟು ಬಿದ್ರೆ ಹೆಡ್‌ಸೆಟ್ಟೇ ಗುರ್ ಅನ್ನತ್ತೆ! ಕತ್ತಲೆ ಅಂದ್ರೆ ಕಡುಗತ್ತಲೆ, ಬೂದಿ ಬಣ್ಣ ಅಲ್ಲ! ನಿಂದ್ರಲ್ಲಿದ್ಯಾ ಇದು?" ಅಪ್ಪ ಗಾಳಿಗೆ ಗುದ್ದುತ್ತ ಕುಣಿದ.

ಟಿವಿಗೆ ಬೆನ್ನು ಹಾಕಿ ಕೇಬಲ್ ಅಪ್ಪನ ಎದುರಿಗೇ ಬಂದು ನಿಂತ. ಮೊದಲು ಅಪ್ಪನ ಗುದ್ದಿಗೆಲ್ಲ ಗಲ್ಲ ಒಡ್ಡಿದಂತೆ ತಲೆ ತಿರುಗಿಸಿ ತಿರುಗಿಸಿ ಬಿದ್ದ. ಗುಬ್ಬಿಗೆ ನಗು ತಡೆಯಲಾಗಲಿಲ್ಲ. ವೈರು ಹಿಡಿದುಕೊಂಡೇ, ಅದೂ ಅಲುಗುವಂತೆ ಕುಲುಕಾಡಿ, ಕಣ್ಣಲ್ಲಿ ನೀರು ಬರುವಷ್ಟು ಸದ್ದಿಲ್ಲದೆ ನಕ್ಕಳು. ಅಷ್ಟರಲ್ಲಿ ಅಪ್ಪನ ಬೆರಳು ಮೆಲ್ಲಗೆ ಹೆಡ್‌ಸೆಟ್‌ನ ಕೆಳಗೆ ಹೋದದ್ದನ್ನು ಕಂಡಳು.

ಅಲ್ಲೊಂದು ಬಟನ್ ಇತ್ತು.

ಅದನ್ನು ಒತ್ತಿದರೆ ಹೆಡ್‌ಸೆಟ್‌ನ ಮುಂದಿನ ಕ್ಯಾಮೆರಾಗಳು ಹಾಕಿಕೊಂಡವನಿಗೆ ಕೋಣೆಯನ್ನು ತೋರಿಸುತ್ತವೆ, ಕಪ್ಪು ಬಿಳುಪಿನಲ್ಲಿ, ಸ್ಪಷ್ಟವಾಗಿ; ಟಿವಿಯಲ್ಲಿ ಮಾತ್ರ ಆಟವೇ ಓಡುತ್ತಿರುತ್ತದೆ. ಹೆಡ್‌ಸೆಟ್ ತೆಗೆಯದೆಯೇ ಲೋಟ ಎಲ್ಲಿದೆ, ಗೋಡೆ ಎಲ್ಲಿದೆ ನೋಡಿಕೊಳ್ಳಲೆಂದು ಇಟ್ಟದ್ದು. ಇದು ಗುಬ್ಬಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಕೇಬಲ್‌ಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಅವನ ಹೆಡ್‌ಸೆಟ್‌ನಲ್ಲಿ ಅಂಥದ್ದು ಇರಲಿಲ್ಲ, ಮತ್ತು ಕನ್ಸೋಲಿನದನ್ನು ಅವನು ಜನ್ಮದಲ್ಲಿ ಕೈಯಲ್ಲಿ ಹಿಡಿದವನಲ್ಲ.

ಗುಬ್ಬಿ ಟಿವಿ ಕಡೆ ನೋಡಿದಳು. ಎದುರಾಳಿ ಅಪ್ಪನನ್ನು ಹಿಗ್ಗಾಮುಗ್ಗಾ ಜಪ್ಪುತ್ತಿದ್ದ. ಅಪ್ಪ ಒಂದನ್ನೂ ತಡೆಯುತ್ತಿರಲಿಲ್ಲ, ಸುಮ್ಮನೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದ. ಅವನು ನೋಡುತ್ತಿದ್ದದ್ದು ಕಣವನ್ನಲ್ಲ.

ಬಾಯಿಬಿಟ್ಟು ಹೇಳುವಂತಿಲ್ಲ. ವೈರು ಬಿಟ್ಟು ಹೋಗುವಂತಿಲ್ಲ. ಕಣ್ಣರಳಿಸಿದಳು, ಹುಬ್ಬು ಹಾರಿಸಿದಳು, ತಲೆ ಅಲ್ಲಾಡಿಸಿದಳು. ಕೇಬಲ್ ಅದನ್ನೂ ಆಟವೆಂದೇ ತಿಳಿದು, ತಾನೂ ಕಣ್ಣರಳಿಸಿ, ಹುಬ್ಬು ಹಾರಿಸಿ, ತಲೆ ಅಲ್ಲಾಡಿಸಿದ. ಆಮೇಲೆ ಅಪ್ಪನ ಹೆಡ್‌ಸೆಟ್ ತೋರಿಸಿ ಮೂಗು ಹಿಡಿದುಕೊಂಡ, 'ನಾತ!' ತನ್ನ ಎದೆ ಮುಟ್ಟಿ ತುಟಿಯಲ್ಲೇ ಅಂದ, 'ಆದ್ರೂ ಚೆನ್ನಾಗಿದೆ ಅಂತೀನಿ, ನಿನಗೋಸ್ಕರ.'

ಇವನ ಕತೆ ಮುಗಿಯಿತು, ನನ್ನದೂ ಮುಗಿಯಿತು ಎಂದುಕೊಂಡಳು ಗುಬ್ಬಿ. ಅತ್ತೆಯ ಕಡೆ ದೈನ್ಯದಿಂದ ನೋಡಿದಳು. ಒಂದೇ ಒಂದು 'ಹೋಲ್ಡಾನ್' ಸಾಕಿತ್ತು. ಆ ಮಹಾತಾಯಿ ಎಲ್ಲವನ್ನೂ ಕಂಡು, ಸ್ಟೂಲಿನ ಮೇಲೆ ಆರಾಮಾಗಿ ಒರಗಿ, "ರೈಟ್, ರೈಟ್!" ಎಂದಳು.

ಕೇಬಲ್‌ಗೆ ಇನ್ನಷ್ಟು ಹುರುಪು ಬಂತು. ಅಪ್ಪನ ಕಾಲ ಬುಡದಲ್ಲಿ ಮಂಡಿಯೂರಿದ. ಗುಬ್ಬಿಯನ್ನು ತೋರಿಸಿದ. ತನ್ನನ್ನು ತೋರಿಸಿಕೊಂಡ. ಎರಡೂ ಕೈ ಜೋಡಿಸಿ, 'ಮಾವಾ, ಒಪ್ಕೊಳ್ಳಿ ಮಾವಾ' ಎಂದು ತುಟಿ ಆಡಿಸಿದ. ಹಾಗೆ ಆಡಿಸುತ್ತ ಆಡಿಸುತ್ತ ಅವನ ಮುಖದ ತಮಾಷೆ ಎಲ್ಲಿ ಹೋಯಿತೋ, ಕೈ ಜೋಡಿಸಿಕೊಂಡವನು ನಿಜವಾಗಿಯೇ ಬೇಡುತ್ತಿದ್ದ. ಗುಬ್ಬಿಗೆ ಅಳು ಬಂದಂತಾಯಿತು, ಅದರ ಬೆನ್ನಿಗೇ ತಡೆಯಲಾಗದ ನಗುವೂ ಬಂತು. ಈ ಬಾರಿ ಬಾಯಿ ಮುಚ್ಚಿಕೊಳ್ಳಲಾಗಲಿಲ್ಲ. ಕೋಣೆಯೆಲ್ಲ ಕೇಳುವಂತೆ ಕಿಲಕಿಲ ನಕ್ಕುಬಿಟ್ಟಳು.

ಅಪ್ಪನ ಗುದ್ದು ನಿಂತಿತು. ಅವನ ಬಲಗೈ ಮೆಲ್ಲಗೆ ಕೆಳಗಿಳಿದು, ಸ್ವಲ್ಪವೂ ತಡಕಾಡದೆ, ಕೇಬಲ್‌ನ ಎಡಗಿವಿಯನ್ನು ಹಿಡಿದು ತಿರುಪಿತು.

"ಸ್... ಸರ್, ಅದು ನನ್ನ ಕಿವಿ."

"ಗೊತ್ತು."

ಕೇಬಲ್ ಪಿಳಿಪಿಳಿ ಕಣ್ಣು ಬಿಟ್ಟ. "ಸರ್, ನಿಮಗೆ... ಕಾಣ್ತಿದೆಯಾ?"

"ಆಗ್ಲಿಂದ."

"ಹೇಗೆ?"

"ಕೆಳಗೆ ಬಟನ್ ಇದೆ. ಒತ್ತಿದ್ರೆ ಕೋಣೆ ಪೂರ್ತಿ ಕಾಣತ್ತೆ."

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣ ಬಾಗಿಲ ಕಡೆ ಓಡುತ್ತಿದ್ದರು. ಕೇಬಲ್ ಕಿವಿ ಹಿಡಿಸಿಕೊಂಡೇ ಕುತ್ತಿಗೆ ಉದ್ದ ಮಾಡಿದ. "ಎಲ್ಲಿ ಸರ್? ಯಾವ ಬಟನ್ನು? ಆಟ ನಡೀತಿರೋವಾಗ್ಲೇನಾ? ಎಂಥ ಒಳ್ಳೇ ಐಡಿಯಾ ಸರ್! ನಮ್ದ್ರಲ್ಲಿ ಇಲ್ವಲ್ಲ ಇದು! ಭಾರಿ ಚೆನ್ನಾಗಿದೆ ಸರ್ ನಿಮ್ದು!"

ಯಾವ ಸುಳ್ಳಿಗಾಗಿ ಗುಬ್ಬಿ ಗೋಗರೆದಿದ್ದಳೋ, ಅದು ಅವನ ಬಾಯಿಂದ ನಿಜವಾಗಿ, ಹೊಟ್ಟೆಯೊಳಗಿಂದ ಬಂದಿತ್ತು. ಅತ್ತೆ ತೊಡೆ ತಟ್ಟಿಕೊಂಡು ನಕ್ಕಳು. ಗುಬ್ಬಿಯೂ ನಕ್ಕಳು. ನಕ್ಕವಳು ಅಪ್ಪನ ಕಡೆ ನೋಡಿ, ಅಭ್ಯಾಸದಂತೆ ತಟ್ಟನೆ ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?" ಅಪ್ಪ ಕೇಳಿದ. ಕಿವಿ ಬಿಟ್ಟಿದ್ದ, ಹೆಡ್‌ಸೆಟ್ ಮಾತ್ರ ತೆಗೆದಿರಲಿಲ್ಲ. ಆ ದಪ್ಪ ಕಪ್ಪು ಮುಖ ಅವಳ ಕಡೆಗೇ ತಿರುಗಿತ್ತು. "ನಿಮ್ಮಮ್ಮ ಹೋದಾಗಿಂದ ನನ್ನೆದುರಿಗೆ ನೀನು ಹೀಗೆ ನಕ್ಕಿದ್ದೇ ಇಲ್ಲ."

"ನಿಂಗೆ ಬೇಜಾರಾಗತ್ತೆ ಅಂತ..."

"ನೀನು ನಗದೇ ಇದ್ದಿದ್ದಕ್ಕೆ ಬೇಜಾರಾಗಿತ್ತು ಕಣೇ."

ಇಷ್ಟು ದಿನ ಅವನಿಗಾಗಿ ಅವಳು ನಗು ಅಡಗಿಸಿಟ್ಟಳು, ಅವನು ಅದಕ್ಕಾಗಿಯೇ ಕಾದ. ಇಬ್ಬರೂ ಎಂಥ ಪೆದ್ದರು!

"ಈ ಪಿಸಿಯವನು ನಗಿಸ್ತಾನಾ ಹೀಗೆ, ದಿನಾ?"

"ದಿನಾ," ಎಂದಳು ಗುಬ್ಬಿ. "ನಾನು ಇವನನ್ನೇ ಮದ್ವೆ ಆಗ್ತೀನಪ್ಪ. ನೀನು ಹೂಂ ಅನ್ಬೇಕು."

"ಮಂಡಿ ಊರಿದಾನಲ್ಲ, ಬೇಡ ಅನ್ನಕ್ಕಾಗತ್ತಾ? ಹೂಂ. ಆದ್ರೆ ಹಿಂದಿನ ಕೋಣೆಗೆ ಕನ್ಸೋಲೇ."

"ಪಕ್ಕದಲ್ಲಿ ಒಂದು ಪಿಸಿನೂ ಇಡೋಣ ಸರ್," ಎಂದ ಕೇಬಲ್, ನೆಲದ ಮೇಲಿಂದ.

"ಎದ್ದೇಳು ಮೊದ್ಲು. ಆಮೇಲೆ ಚೌಕಾಸಿ."

ಎದ್ದ ಕೇಬಲ್ ಗುಬ್ಬಿಯನ್ನು ನೋಡಿದ, ಗುಬ್ಬಿ ಅವನನ್ನು ನೋಡಿದಳು. ಇಬ್ಬರ ಕಾಲೂ ನೆಲದ ಮೇಲಿರಲಿಲ್ಲ. ಅತ್ತೆ ಎರಡು ಬೆರಳು ಬಾಯಿಗಿಟ್ಟು ಕಿವಿ ಕಿತ್ತುಹೋಗುವಂತೆ ಸಿಳ್ಳೆ ಹೊಡೆದಳು. ಟಿವಿಯಲ್ಲಿ ಅಪ್ಪ ಎಂದೋ ಸೋತು ಅಂಗಾತ ಬಿದ್ದಿದ್ದ. ಅದನ್ನು ನೋಡುವವರೇ ಇರಲಿಲ್ಲ.

ಅಪ್ಪ ಮಾತ್ರ ಹೆಡ್‌ಸೆಟ್ ತೆಗೆಯಲೊಲ್ಲ. ಹಾಗೇ ನಿಂತಿದ್ದ. ಅದರ ಅಂಚಿನಿಂದ ಒಂದು ಹನಿ ಕೆನ್ನೆಗೆ ಇಳಿಯಿತು, ಹಿಂದೆಯೇ ಇನ್ನೊಂದು. ಗುಬ್ಬಿ ನೋಡಿದಳು, ಅವನ ತೋಳು ಹಿಡಿದುಕೊಂಡಳು. ಕೇಬಲ್ ಕೂಡ ನೋಡಿದ. ಅವನ ಕಸುಬು ಸುಮ್ಮನಿರಲು ಬಿಡಲಿಲ್ಲ.

"ಸರ್, ತೆಗೆದುಬಿಡಿ ಸರ್. ಒಳಗೆ ನೀರು ಹೋದ್ರೆ ಲೆನ್ಸು ಹಾಳಾಗತ್ತೆ."

"ಹಾಳಾಗೋದು ನಿಂದು," ಎಂದ ಅಪ್ಪ, ಮೂಗೇರಿಸುತ್ತ. "ನಂದು ತಡ್ಕೊಳತ್ತೆ."