ಸೋನಾಬಾಯಿಯ ಮೊಳಕೆ ಬಟ್ಟಲು

ಸೋನಾಬಾಯಿ ಯಾವ ಹೊಸ್ತಿಲು ದಾಟಿದರೂ ಮೊದಲು ತಲೆ ಎತ್ತಿ ನೋಡುತ್ತಿದ್ದರು. ಹಿತ್ತಲಿಗೆ ಇಳಿಯುವಾಗ, ಬಸದಿಯಿಂದ ಹೊರಬರುವಾಗ, ಖಾನಾಪುರದ ಬಸ್ಸಿನಿಂದ ಕೆಳಗೆ ಕಾಲಿಡುವಾಗ ಕೂಡ, ಒಂದು ಕೈ ಸೆರಗಿಗೆ ಹೋಗಿ, ಕಣ್ಣು ತಂತಿ, ಮರದ ತುದಿ, ಮಾಳಿಗೆಯ ಅಂಚುಗಳ ಮೇಲೆ ಒಮ್ಮೆ ಹರಿದಾಡಿ ಬಂದ ಮೇಲೆಯೇ ಅವರ ಹೆಜ್ಜೆ ಮುಂದೆ ಬೀಳುತ್ತಿತ್ತು. ಹೊಸಬರು ಮಳೆ ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಅವರು ನೋಡುತ್ತಿದ್ದುದು ಕಾಗೆಗಳನ್ನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಗಾವಿಯ ಶಹಾಪುರದಲ್ಲಿ ಅವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ನಾನು ಬಾಡಿಗೆಗಿದ್ದೆ. ನನ್ನ ಅಡುಗೆಮನೆಯ ಕಿಟಕಿ ಅವರ ಹಿತ್ತಲಿನ ಒಗೆಯುವ ಕಲ್ಲಿಗೆ ಎದುರಾಗಿತ್ತು. ಅವರ ಗಂಡ ಪಾರೀಸಪ್ಪ ಬಟ್ಟೆ ವ್ಯಾಪಾರಿ, ಬಸದಿಯ ಕೆಲಸಗಳಲ್ಲಿ ಮುಂದಾಳು. ಜೈನರ ಪರ್ಯೂಷಣ ಹಬ್ಬದಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಬಿಡುಗಡೆ ಮಾಡುವುದು ಅವರ ತಂದೆಯ ಕಾಲದಿಂದ ನಡೆದು ಬಂದ ಜೀವದಯೆ. ಆದರೆ ನಾನು ಅಲ್ಲಿಗೆ ಹೋದ ವರ್ಷ, ಹಕ್ಕಿ ಮಾರುವವನ ಹತ್ತಿರ ಕಾಡಿನ ಹಕ್ಕಿಗಳು ಇರಲಿಲ್ಲ. ಲವ್ ಬರ್ಡ್ಸ್ ಎಂದು ಜನ ಕರೆಯುವ, ಹಸಿರು ಹಳದಿ ಬಣ್ಣದ, ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ಗಿಣಿಗಳಿದ್ದವು. ಪಂಜರದಲ್ಲೇ ಮೊಟ್ಟೆಯೊಡೆದು ಪಂಜರದಲ್ಲೇ ಬೆಳೆದವು. ಪಾರೀಸಪ್ಪ ಬಸದಿಯ ಅಂಗಳದಲ್ಲಿ ಬಾಗಿಲು ತೆಗೆದರು. ಅವು ತಂತಿಯ ತನಕ ಹೋದವು, ಅಲ್ಲಿಂದ ಎಲ್ಲಿಗೆ ಎಂದು ತಿಳಿಯದೆ ಸಾಲಾಗಿ ಕುಳಿತವು. ಕಾಗೆಗಳು ಬಂದವು. ಜನ ಒಳಗೆ ಪೂಜೆಗೆ ಹೋಗಿದ್ದರು. ಅಂಗಳದಲ್ಲಿ ಉಳಿದಿದ್ದ ಸೋನಾಬಾಯಿ, ಬಾವಿಯ ಕಟ್ಟೆಯ ಸಂದಿಗೆ ಬಿದ್ದು ಉಳಿದುಕೊಂಡ ಕೆಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

"ಪುಣ್ಯ ಬಸದ್ಯಾಗ ಮುಗೀತ್ರಿ ಅಕ್ಕಾರ," ಎಂದರು ನನಗೆ, ಕಲ್ಲಿನ ಮೇಲೆ ಸೆರಗು ತೊಳೆಯುತ್ತ. "ಉಳಿದದ್ದು ಮನಿಗೆ ಬಂತು."

ಬಂದದ್ದು ಹೊಟ್ಟೆಯೊಂದಿಗೆ ಬಂತು. ಬರೀ ಒಣ ನವಣೆ ಹಾಕಿದಾಗ ಗಿಣಿಗಳು ಗರಿ ಕೆದರಿ ಮಂಕಾಗಿ ಕುಳಿತವು. ಒಮ್ಮೆ ತಟ್ಟೆಯ ಮೂಲೆಯಲ್ಲಿ ನೀರು ಬಿದ್ದು ನಾಲ್ಕು ಕಾಳು ಮೊಳೆತಿದ್ದವು. ಗಿಣಿಗಳೆಲ್ಲ ಒಂದರ ಮೇಲೊಂದು ಬಿದ್ದು ಮೊದಲು ಅವನ್ನೇ ಕುಕ್ಕಿದ್ದನ್ನು ಅವರು ನೋಡಿದರು. ಅಂದಿನಿಂದ ಅವರ ಬೆಳಗು ಇನ್ನಷ್ಟು ಮುಂಚೆ ಶುರುವಾಯಿತು. ತವರೂರು ಖಾನಾಪುರದಿಂದ ಅಣ್ಣ ಕಳಿಸುತ್ತಿದ್ದ ನವಣೆ, ರಾಗಿ, ಹೆಸರುಕಾಳನ್ನು ನೆನೆಸಿ, ಬಸಿದು, ಅದೇ ಊರಿನ ಕುಂಬಾರರ ಅಗಲವಾದ ಮಣ್ಣಿನ ಬಟ್ಟಲಿನಲ್ಲಿ ಹರವಿ, ಒದ್ದೆ ಬಟ್ಟೆ ಮುಚ್ಚುವರು. ಸ್ಟೀಲಿನ ಪಾತ್ರೆಯಲ್ಲಿ ಲೋಳೆ ಬರುತ್ತದೆಂದು ಆ ಬಟ್ಟಲನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. "ಏನ ಬಾಯಿ, ಇಷ್ಟ ಜ್ವಾಕಿಲೆ ಹಿಡಕೊಂಡೀರಿ?" ಎಂದು ಕಂಡಕ್ಟರ್ ಕೇಳಿದರೆ, "ತೊಟ್ಲಾ ರೀ," ಎಂದು ಮುಖ ಕಿಟಕಿಗೆ ತಿರುಗಿಸಿದರಂತೆ.

ಮೊಳಕೆಯನ್ನು ಮೂಗಿಗೆ ಹಿಡಿದು, ಹುಳಿ ವಾಸನೆ ಬಂದರೆ ಅಷ್ಟನ್ನೂ ಚೆಲ್ಲಿ, ಇಲ್ಲವಾದರೆ ಮತ್ತೆ ತೊಳೆದು, ಅದಕ್ಕೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕೆಂಪು ಕುಂಬಳ, ಬೀಜ ತೆಗೆದ ಪೇರಲದ ಚೂರು ಸೇರಿಸಿ ಬೆರಳ ತುದಿಯಿಂದ ಕಲಸುವರು. ಗಜ್ಜರಿ ಇಲ್ಲ, ನೆಲದೊಳಗೆ ಬೆಳೆದದ್ದು ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಉಳಿದದ್ದು ಮಧ್ಯಾಹ್ನಕ್ಕೆ ಕೆಡುವುದರಿಂದ ಅದನ್ನು ತೆಗೆದು ಪಂಜರ ತೊಳೆದು, ಮತ್ತೆ ಸಂಜೆಗೆ ಹೊಸದು. ಹೊತ್ತು ಮುಳುಗುವ ಮೊದಲು ಉಣ್ಣುವ ಮನೆಯಲ್ಲಿ ಸಂಜೆಯ ಅಡುಗೆಯೂ ಅದೇ ಹೊತ್ತಿಗೆ ಆಗಬೇಕು. ಗಂಡ, ಅತ್ತೆ, ಮಕ್ಕಳು, ಗಿಣಿಗಳು, ಕೊನೆಗೆ ಬೆಳಕು ಇದ್ದರೆ ಸೋನಾಬಾಯಿ. ಬೆಳಕು ಇಲ್ಲದೆ ಅವರು ಉಣ್ಣದೆ ಮಲಗಿದ ದಿನಗಳು ಎಷ್ಟಿದ್ದವು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅತ್ತೆ ಸುಂದರಾಬಾಯಿಗೆ ಮೊಳಕೆಯನ್ನು ಕಂಡರೆ ಆಗದು. ಮೊಳಕೆಯಲ್ಲಿ ಎಣಿಸಲಾಗದಷ್ಟು ಜೀವಗಳಿವೆ ಎಂದು ನಂಬಿದವರು. ಮಳೆಗಾಲದ ಚಾತುರ್ಮಾಸ ವ್ರತದಲ್ಲಿ ಸೊಪ್ಪನ್ನೂ ಬಿಟ್ಟವರು.

"ಜೀವಾ ಹುಟ್ಟಿಸಿ ಜೀವಾ ತಿನ್ನಸೂದು, ಇದ್ಯಾವ ಧರ್ಮ ಬೇ?"

"ಬಾಗಲಾ ತಗದವ್ರು ನಿಮ್ಮ ಮಗಾ ರೀ ಅತ್ತಿ. ಧರ್ಮದ ಮಾತ ಅವ್ರನ್ನ ಕೇಳ್ರಿ. ಪಾಪ ಬಂದ್ರ ನನ್ನ ಕಡೆ ಇರ್ಲಿ."

ಅಲ್ಲಿಂದ ಬಟ್ಟಲು, ಈಳಿಗೆ ಎರಡೂ ಅಡುಗೆಮನೆಯಿಂದ ಹೊರಬಿದ್ದು ಒಗೆಯುವ ಕಲ್ಲಿನ ಪಕ್ಕಕ್ಕೆ ಬಂದವು. ಮಳೆಯಲ್ಲಿ ತಲೆಯ ಮೇಲೊಂದು ಗೋಣಿಕೊಪ್ಪೆ ಹೊದ್ದು ಅವರು ಅಲ್ಲೇ ಸೊಪ್ಪು ಹೆಚ್ಚುತ್ತಿದ್ದರು.

ಮುಂದಿನ ಪಡಸಾಲೆಯಲ್ಲಿ ಅವು ಪಾರೀಸಪ್ಪನವರ ಗಿಣಿಗಳಾಗಿದ್ದವು. ಬಂದ ಗಿರಾಕಿಗಳಿಗೆ ಚಹಾ ಕೊಟ್ಟು, "ನಮ್ಮ ಪಕ್ಷಿ ಏನ ತಿಂತಾವ ಗೊತ್ತೈತೇನ್ರಿ? ಮೊಳಕಿ ಬರಿಸಿದ ಸಾವಿ ಕಾಳ," ಎಂದು ಆರಂಭಿಸುವರು. ಒಳಗಿನಿಂದ ಧ್ವನಿ ಬರುವುದು: "ನವಣಿ ರೀ."

ಗಿಣಿ, ಪಂಜರ ಕಂಡ ಕೂಡಲೇ ಹೆಣ್ಣಿನ ಬಾಳನ್ನು ನೆನೆಯುವ ಚಟ ನನ್ನಂಥ ಬರೆಯುವವರಿಗೆ ಇದೆ. ಒಂದು ಮಧ್ಯಾಹ್ನ ಅಂಥದೇನನ್ನೋ ಸೋನಾಬಾಯಿಯ ಮುಂದೆ ಆಡಿದೆ. ಅವರು ತೆಂಗಿನ ನಾರಿನಿಂದ ಪಂಜರದ ಸರಳು ಉಜ್ಜುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ನಾ ಪಂಜರದಾಗಿಲ್ರಿ ಅಕ್ಕಾರ. ಪಂಜರ ತೊಳ್ಯಾಕಿ ನಾ. ಒಳಗಿನವು ಅರಾಮ ಅದಾವ."

ಮರುವರ್ಷದ ಪರ್ಯೂಷಣ ಹತ್ತಿರ ಬಂದಾಗ ಪಾರೀಸಪ್ಪನವರು, ಈ ಸಲ ಇವನ್ನೇ ಬಿಡುವುದೆಂದು ತೀರ್ಮಾನಿಸಿದರು. ಸಾಂಬ್ರಾದಿಂದಲೂ ಬೀಗರು ಬರುವವರಿದ್ದರು.

"ನಿನ್ನ ಕೈಯಾಗ ಗಟ್ಟಿ ಆಗ್ಯಾವ. ಈಗ ಹಾರ್ತಾವ."

"ಎಲ್ಲಿಗ್ರಿ?"

"ಎಲ್ಲಿಗರೆ ಹೋಗ್ಲಿ. ಕಾಡಿನಾಗ ತಿನ್ನಾಕೇನ ಕಡಿಮಿ ಐತಿ?"

"ಇವು ಕಾಡ ಕಂಡಾವೇನ್ರಿ?"

ಪಾರೀಸಪ್ಪ ಅಂಗಡಿಯ ಬೀಗದ ಕೈ ಎತ್ತಿಕೊಂಡು ಎದ್ದರು. ಆ ಮನೆಯಲ್ಲಿ ಹಾಗೆಂದರೆ ಮಾತು ಮುಗಿಯಿತು ಎಂದು ಅರ್ಥ. ತಾನು ಬೆಳೆಸಿದ ಬಲವೇ ಅವುಗಳ ಸಾವಿಗೆ ನೆಪವಾಯಿತಲ್ಲ ಎಂಬ ಕಹಿಯೊಂದನ್ನು ಸೋನಾಬಾಯಿ ಆ ವಾರವೆಲ್ಲ ನುಂಗಿಕೊಂಡು ಓಡಾಡಿದರು. ಬಿಡುಗಡೆಯ ದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಒಗೆಯುವ ಕಲ್ಲು ಒಣಗಿತ್ತು. ಸೊಪ್ಪು ಹೆಚ್ಚಿದ ಗುರುತಿರಲಿಲ್ಲ, ಗಿಣಿಗಳು ಹಸಿದು ಕಿರುಚುತ್ತಿದ್ದವು. ಸೋತರು ಎಂದುಕೊಂಡೆ.

ಬಸದಿಯ ಅಂಗಳದಲ್ಲಿ ಪಾರೀಸಪ್ಪ ಪಂಜರದ ಬಾಗಿಲಿಗೆ ಕೈ ಹಾಕುವ ಹೊತ್ತಿಗೆ ಸೋನಾಬಾಯಿ, ಅಂದು ತಾವೇ ಉಪವಾಸವಿದ್ದವರು, ಸೆರಗಿನೊಳಗಿಂದ, ನಾನೇಳುವ ಮೊದಲೇ ತುಂಬಿಟ್ಟಿದ್ದ ಖಾನಾಪುರದ ಬಟ್ಟಲು ತೆಗೆದರು.

"ಊರಿಗೆ ಹೋಗಾವ್ರನ್ನ ಹಸದ ಕಳಸಬಾರದ್ರಿ. ಒಂದ ತುತ್ತ ತಿನ್ಲಿ."

ಇದಕ್ಕೆ ಯಾರು ಬೇಡವೆನ್ನಬೇಕು? ಆದರೆ ಬಟ್ಟಲಿನಲ್ಲಿದ್ದುದು ಮೊಳಕೆ, ಸೊಪ್ಪು. ಚಾತುರ್ಮಾಸದಲ್ಲಿ, ವ್ರತದ ಹೆಂಗಸಿನ ಕೈಯಲ್ಲಿ, ಬಸದಿಯ ಅಂಗಳದಲ್ಲಿ. ನಾನು ಸುಂದರಾಬಾಯಿಯ ಕಡೆ ನೋಡಿದೆ. ಮುದುಕಿ ಬಟ್ಟಲನ್ನು ನೋಡಿದರು, ತಂತಿಯ ಮೇಲಿನ ಕಾಗೆಗಳನ್ನು ನೋಡಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಸೊಸೆ ಬಟ್ಟಲು ಒಳಗಿಡುವ ತನಕ, ತಮ್ಮ ಅಗಲ ಸೆರಗು ಹರವಿ ಜನಕ್ಕೆ ಅಡ್ಡವಾಗಿ ನಿಂತರು.

ಬಾಗಿಲು ತೆರೆಯಿತು. ಗಿಣಿಗಳು ಬಟ್ಟಲಿನ ಸುತ್ತ ತಲೆ ತಗ್ಗಿಸಿ ಕುಳಿತಿದ್ದವು. ಪಾರೀಸಪ್ಪ ಸರಳು ತಟ್ಟಿದರು, ಕೈ ಬೀಸಿದರು, ಕೊನೆಗೆ ಬಗ್ಗಿ ಒಳಗೇ ಇಣುಕಿದರು. ಒಂದು ಗಿಣಿ ಬಾಗಿಲ ತನಕ ಬಂದು, ಹೊರಗೆ ನೋಡಿ, ಪೇರಲದ ಚೂರಿಗೆ ಹಿಂತಿರುಗಿತು. ಹಿರಿಯರಾದ ಪದ್ಮಾಕರಪ್ಪ ಕೋಲೂರಿ ನಿಂತಿದ್ದವರು, "ಪಾರೀಸ, ನಿನ್ನ ಅಂಗಡಿಗೆ ಇಂಥಾ ಗಿರಾಕಿ ಸಿಗಬೇಕ ನೋಡಪಾ," ಎಂದರು. ಜನ ನಕ್ಕರು. ನಗುವಿನ ನಡುವೆಯೇ ಸೋನಾಬಾಯಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು.

"ನೀವು ತಗದ್ರಿ, ಅವು ಒಲ್ಲೆ ಅಂದ್ವು. ನಡೀರಿ ಹೋಗೂಣು, ಅಡಗಿ ಆಗಬೇಕು."

ಆಮೇಲೆ ಯಾವ ವರ್ಷವೂ ಪಾರೀಸಪ್ಪ ಆ ಮಾತು ತೆಗೆಯಲಿಲ್ಲ. ಸೋನಾಬಾಯಿ ಮಾತ್ರ ವ್ರತಭಂಗದ ಪ್ರಾಯಶ್ಚಿತ್ತಕ್ಕೆಂದು ಪೇರಲ ತಿನ್ನುವುದನ್ನು ಜೀವಮಾನಕ್ಕೇ ಬಿಟ್ಟರು. ಅದು ಅವರಿಗೆ ಬಲು ಪ್ರಿಯವಾದ ಹಣ್ಣು ಎಂದು ನನಗೆ ಹೇಳಿದವರು ಸುಂದರಾಬಾಯಿ. ಸೊಸೆ ದಿನವೂ ಅದನ್ನು ಹೆಚ್ಚಿ, ಬೀಜ ತೆಗೆದು, ಬೆರಳು ತೊಳೆದುಕೊಳ್ಳುವುದನ್ನು ಆ ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಮಳೆಗಾಲ, ಯಾರೂ ಹೇಳದೆಯೇ, ಬಟ್ಟಲು ಕಲ್ಲಿನ ಬದಿಯಿಂದ ಅವರ ಅಡುಗೆಮನೆಯ ಕಿಟಕಿಯ ಕಟ್ಟೆಗೆ ಮರಳಿತು.

ದೊಡ್ಡ ಕರುಣೆಗೆ ಒಂದು ಅಂಗಳ ಬೇಕು, ಜನ ಬೇಕು, ತೆರೆಯಲು ಒಂದು ಬಾಗಿಲು ಬೇಕು. ಅದು ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಅದರ ಮರುದಿನವನ್ನು ಹೊರುವವರು ಬೇರೆ. ಅವರ ಕೆಲಸಕ್ಕೆ ಹಬ್ಬವಿಲ್ಲ, ಮಧ್ಯಾಹ್ನಕ್ಕೆ ಹುಳಿಯಾಗುವುದರಿಂದ ಅದನ್ನು ಕೂಡಿಡಲೂ ಆಗುವುದಿಲ್ಲ. ಆದರೆ ಬಾಗಿಲು ತೆರೆದವರು ಆಕಾಶವನ್ನು ಕಂಡು ಸಂತೋಷಪಟ್ಟಾಗ, ಅಲ್ಲಿ ಕಾಗೆಗಳೂ ಇವೆ ಎಂದು ಕಂಡವರು ಅವರೇ.